ಕಾರ್ಡಿನಲ್ಲಿ ಬರೆದ ಹೊಟ್ಟೆನೋವು

ಸಂಪಾದಕರಿಗೆ ನಮಸ್ಕಾರ.

2025ರಲ್ಲಿ ರಿಜಿಸ್ಟರ್ ಟಪಾಲು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋದ ಮೇಲೆ ಅಂಚೆಯ ನೆನಪುಗಳನ್ನು ಬಹಳ ಮಂದಿ ಬರೆದರು. ನೌಕರಿಯ ಆರ್ಡರು, ಮನಿಯಾರ್ಡರು, ಲಗ್ನಪತ್ರಿಕೆ ಎಲ್ಲ ಬಂದುಹೋದವು. ಟಪಾಲಿನಲ್ಲಿ ಹೊಟ್ಟೆನೋವು ಕಳಿಸುತ್ತಿದ್ದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನಮ್ಮ ಮನೆಯಿಂದ ಹೆಚ್ಚಾಗಿ ಹೋಗುತ್ತಿದ್ದುದು ಅದೇ.

1969ರಲ್ಲಿ ನಾನು ಆರನೇ ಇಯತ್ತೆ. ಯಲಬುರ್ಗಾ ತಾಲ್ಲೂಕಿನ ನಮ್ಮ ಹಳ್ಳಿ ಆಗ ರಾಯಚೂರು ಜಿಲ್ಲೆಯಲ್ಲಿತ್ತು, ಪಿನ್‌ಕೋಡ್ ಇನ್ನೂ ಹುಟ್ಟಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಅಮ್ಮ ಅಂತಿದ್ದೆವು. ಆಕೆಗೆ ಎರಡು ವರ್ಷದಿಂದ ಹೊಟ್ಟೆ ಉರಿ. ಮಂಗಳವಾರದ ಸಂತೆಗೆ ಬರುತ್ತಿದ್ದ ಬಳೆಗಾರನೊಬ್ಬ ಉಡುಪಿ ಕಡೆಯ, ಔಷಧಿ ಕೊಡುವ ಒಬ್ಬ ಪಂಡಿತರ ವಿಳಾಸ ಕೊಟ್ಟ. ಅವರನ್ನು ನಾವು ಯಾರೂ ಕಂಡಿರಲಿಲ್ಲ, ಕೊನೆಯವರೆಗೂ ಕಾಣಲಿಲ್ಲ. ಮನೆಯಲ್ಲಿ ಅಕ್ಷರ ಬರುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ರೋಗ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಕಾರ್ಡಿನಲ್ಲಿ "ಅಜ್ಜಿಗೆ ಹೊಟ್ಟೆನೋವು, ಔಷಧಿ ಕಳಿಸಿರಿ" ಎಂದು ಬರೆದಿದ್ದೆ. ಔಷಧಿ ಬರಲಿಲ್ಲ, ಕಾರ್ಡಿನ ತುಂಬ ಪ್ರಶ್ನೆ ಬಂದವು. ಉರಿ ಉಂಡ ಮೇಲೋ, ಉಣ್ಣುವ ಮೊದಲೋ? ರಾತ್ರಿ ಎಬ್ಬಿಸುತ್ತದೆಯೋ? ನಾಲಿಗೆ ಯಾವ ಬಣ್ಣ? ಅಮ್ಮ ಪಡಸಾಲೆಯ ಬೆಳಕಿಗೆ ಬಂದು ನಾಲಿಗೆ ಚಾಚಿ ಕೂತಳು. "ನೋಡಿ ಬರಿಯವಾ, ಸುಳ್ಳು ಬರೀಬ್ಯಾಡ." ನಾನು "ಹಳೇ ಸುಣ್ಣದ ಗೋಡೆಯ ಬಣ್ಣ" ಎಂದು ಬರೆದೆ. ಮೇಷ್ಟ್ರು ನೋಡಿದ್ದರೆ ಹೊಡೆಯುತ್ತಿದ್ದರು. ಪಂಡಿತರು ಮಾತ್ರ ಮುಂದಿನ ಕಾರ್ಡಿನಲ್ಲಿ "ಸುಣ್ಣದ ಗೋಡೆ ಈಗ ಹೇಗಿದೆ?" ಎಂದೇ ಕೇಳಿದರು.

ಎರಡು ಸೀಮೆಯ ಕನ್ನಡದ ನಡುವೆ ತೊಡಕೂ ಆಗುತ್ತಿತ್ತು. ಔಷಧಿಯ ವಿ.ಪಿ. (ಅಂಚೆಯಲ್ಲಿ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸಲ್ಲು) ಬಿಡಿಸಿಕೊಂಡು ಬಂದು ಒಳಗಿನ ಚೀಟಿ ಓದಿದರೆ ಪಥ್ಯಕ್ಕೆ ಕುಚ್ಚಲಕ್ಕಿ ಗಂಜಿ, ಎಳನೀರು. ನಮ್ಮೂರಲ್ಲಿ ಆಗ ಇದ್ದದ್ದು ಬಿಳಿಜೋಳ ಒಂದೇ. ಅಮ್ಮನಿಗೆ ಗಾಬರಿ. "ಜೋಳದ ನುಚ್ಚು ಮಜ್ಜಿಗಿ ಉಂಡರ ನಡೀತೈತೇನು ಕೇಳು" ಎಂದಳು. ಕೇಳಿ ಕಾರ್ಡು ಹಾಕಿದೆ. ನಡೆಯುತ್ತದೆ, ಆದರೆ ಹಸಿಮೆಣಸಿನಕಾಯಿ ಚಟ್ನಿ ಮುಟ್ಟಬಾರದು ಎಂದು ಉತ್ತರ ಬರಲು ಹನ್ನೆರಡು ದಿನ ಬೇಕಾಯಿತು. ಅಷ್ಟೂ ದಿನ ಅಮ್ಮ ನುಚ್ಚನ್ನು ಕಳ್ಳತನ ಮಾಡಿದಂತೆ ಉಂಡಳು. ಉರಿ ಕಡಿಮೆಯಾಗಿದ್ದು ಔಷಧಿಯಿಂದಲೋ, ಮೆಣಸಿನಕಾಯಿ ಬಿಟ್ಟದ್ದರಿಂದಲೋ, ನನಗೆ ಇವತ್ತಿಗೂ ಅನುಮಾನ.

ಕಾರ್ಡು ಅಂದರೆ ಬಯಲು. ಟಪಾಲಿನವನು ಓದಿಕೊಂಡೇ ಬರುತ್ತಿದ್ದ, ಬಾಗಿಲಲ್ಲಿ ನಿಂತು "ಅಮ್ಮಾರ, ಚಟ್ನಿ ಬಿಡಬೇಕಂತ್ರಿ" ಎನ್ನುತ್ತಿದ್ದ. ಹೀಗಾಗಿ ಹೆಣ್ಣುಮಕ್ಕಳ ತೊಂದರೆಗಳಿಗೆ ಮಡಚಿ ಅಂಟಿಸುವ ನೀಲಿ ಇನ್‌ಲ್ಯಾಂಡ್ ಪತ್ರವೇ ಆಗಬೇಕು. ಅದರಲ್ಲೂ ಹೆಸರಿಲ್ಲ, "ಮನೆಯ ಹೆಣ್ಣುಮಗಳು" ಅಷ್ಟೇ. ಮುಟ್ಟಿನ ಲೆಕ್ಕವನ್ನು ಹನ್ನೆರಡು ವರ್ಷದ ನಾನು ಅರ್ಥವಾಗದೆಯೇ ಬರೆದಿದ್ದೇನೆ.

ಹಿಂದಿನದೇ ಚಂದ ಎನ್ನಲು ಇದನ್ನು ಬರೆಯುತ್ತಿಲ್ಲ. ನಮ್ಮ ಚಿಕ್ಕವ್ವನಿಗೆ ಬಾಣಂತಿ ಜ್ವರ ಬಂತು. ಮೂರನೇ ದಿನ ಇನ್‌ಲ್ಯಾಂಡ್ ಹಾಕಿದೆವು. ಉತ್ತರ ಬಂದಾಗ ಆಕೆಯ ದಿವಸ ಮುಗಿದು ಎರಡು ದಿನವಾಗಿತ್ತು. ಮೊದಲ ಸಾಲು ನನಗೆ ಬಾಯಿಪಾಠವಾಗಿದೆ: "ಇದು ಪತ್ರದಲ್ಲಿ ನೋಡುವ ರೋಗವಲ್ಲ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿರಿ." ಅಮ್ಮ ಅದನ್ನು ಎರಡು ಸಲ ಓದಿಸಿದಳು. ಬಳ್ಳಾರಿಯಲ್ಲಿ 1961ರಲ್ಲೇ ಮೆಡಿಕಲ್ ಕಾಲೇಜು ಶುರುವಾಗಿತ್ತು. ನಮಗೆ ಟಪಾಲು ಡಬ್ಬಿ ಹತ್ತಿರವಿತ್ತು.

ಪಂಡಿತರ ಇಪ್ಪತ್ತಮೂರು ಪತ್ರಗಳು ನನ್ನ ಟ್ರಂಕಿನಲ್ಲಿ ಈಗಲೂ ಇವೆ. ಎಲ್ಲವೂ ಉತ್ತರಗಳೇ, ನಾವು ಬರೆದದ್ದು ಒಂದೂ ಉಳಿದಿಲ್ಲ. ಇದನ್ನು ಮೊಮ್ಮಗಳಿಗೆ ಹೇಳಿದಾಗ (ನರ್ಸಿಂಗ್ ಓದುತ್ತಿದ್ದಾಳೆ) ಆಕೆ ಸ್ಕಾಟ್ಲೆಂಡಿನ ಎಡಿನ್‌ಬರೋದ ವಿಲಿಯಂ ಕಲೆನ್ ಎಂಬ ವೈದ್ಯರ ಸಂಗತಿ ಓದಿ ಹೇಳಿದಳು. 1710ರಲ್ಲಿ ಹುಟ್ಟಿ 1790ರಲ್ಲಿ ತೀರಿಕೊಂಡವರು. ಕಾಣದ ರೋಗಿಗಳಿಗೆ ಟಪಾಲಿನಲ್ಲೇ ಸಲಹೆ ಕೊಡುತ್ತಿದ್ದರಂತೆ. ಸ್ಟೆತಸ್ಕೋಪು ಬಂದದ್ದು 1816ರಲ್ಲಿ. ಅದಕ್ಕೂ ಮುಂಚೆ ರೋಗಿ ಎದುರಿಗೇ ಕೂತಿದ್ದರೂ ವೈದ್ಯನಿಗೆ ಮುಖ್ಯ ಆಧಾರ ರೋಗಿಯ ಮಾತೇ. ಹಾಗಾಗಿ ಆ ಮಾತು ಕಾಗದದಲ್ಲಿ ಬಂದರೂ ಅವರಿಗೆ ಅಂಥ ಕೊರತೆ ಅನ್ನಿಸುತ್ತಿರಲಿಲ್ಲ. ಅಲ್ಲಿಯೂ ಎಷ್ಟೋ ಪತ್ರಗಳನ್ನು ರೋಗಿಯ ಪರವಾಗಿ ಮನೆಯವರೋ ಊರಿನ ಸಣ್ಣ ವೈದ್ಯರೋ ಬರೆಯುತ್ತಿದ್ದರಂತೆ. ನನ್ನಂಥವರು ಅಲ್ಲಿಯೂ ಇದ್ದರು ಅನ್ನಿ. ಕಲೆನ್ ಸಾಹೇಬರು ಕುದುರೆ ಸವಾರಿ ಮಾಡಿರೆಂದು ಮೇಲಿಂದ ಮೇಲೆ ಬರೆಯುತ್ತಿದ್ದರೆಂದು ಕೇಳಿ ನನಗೆ ಕುಚ್ಚಲಕ್ಕಿ ಗಂಜಿ ನೆನಪಾಯಿತು.

ಆದರೆ ಅವರು ಒಂದು ಶಾಣ್ಯಾತನ ಮಾಡಿದ್ದರು. ಬಂದ ಪತ್ರ ಇಟ್ಟುಕೊಂಡು, ತಮ್ಮ ಉತ್ತರದ ನಕಲನ್ನೂ ಇಟ್ಟರು. ಮೊದಮೊದಲು ಕೈಯಿಂದ ನಕಲು, ಆಮೇಲೆ ಉಗಿಯಂತ್ರದ ಜೇಮ್ಸ್ ವಾಟ್ 1780ರಲ್ಲಿ ಪೇಟೆಂಟ್ ಪಡೆದ ಯಂತ್ರದಿಂದ. ಬರೆದ ಹಾಳೆಯ ಮೇಲೆ ಒದ್ದೆಯಾದ ತೆಳು ಕಾಗದ ಇಟ್ಟು ಒತ್ತಿದರೆ ಮಸಿ ಅದಕ್ಕೆ ಇಳಿಯುತ್ತಿತ್ತು. ಹೀಗಾಗಿ ಕೇಳಿದ್ದೂ ಹೇಳಿದ್ದೂ ಎರಡೂ ಉಳಿದು ಇವತ್ತು ಯಾರು ಬೇಕಾದರೂ ಓದಬಹುದಾಗಿದೆ.

ಈಗ ನನ್ನ ತಕರಾರು. ಹೋದ ತಿಂಗಳು ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನನ್ನನ್ನು ಕಂಪ್ಯೂಟರ್ ಪರದೆಯ ಮುಂದೆ ಕೂಡಿಸಿದರು. ಎಲ್ಲಿಯೋ ಇದ್ದ ಡಾಕ್ಟರು, ಪಾಪ ಒಳ್ಳೆಯವರೇ, ಏನಾಗುತ್ತದೆ ಎಂದರು. "ಮುಂಜಾನೆ ಎದ್ದ ಕೂಡಲೇ ಮೊಣಕಾಲು..." ಎಂದು ಶುರುಮಾಡುವಷ್ಟರಲ್ಲಿ ಪರದೆ ನಿಂತಿತು, ಮತ್ತೆ ಬಂತು, ಅವರು ಟೈಪ್ ಮಾಡುತ್ತಿದ್ದರು, ಮುಗಿಯಿತು. ಕೈಗೆ ಬಂದ ಚೀಟಿ ಪೂರ್ತಿ ಇಂಗ್ಲಿಷ್. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದ ನನಗೇ ಅದು ಓದಲು ಬರಲಿಲ್ಲ. ನನ್ನ ಹಿಂದೆ ಕೂತಿದ್ದ ಹೆಣ್ಣುಮಗಳು "ನಂದೇನ ಬರದಾರ್ರಿ ಟೀಚರ್?" ಎಂದು ತನ್ನ ಚೀಟಿ ನನ್ನ ಮುಂದೆ ಹಿಡಿದಳು.

2020ರ ಮಾರ್ಚ್ 25ರ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ (ದೂರದಿಂದಲೇ ವೈದ್ಯ ಸಲಹೆ) ಮಾರ್ಗಸೂಚಿ ವಿಡಿಯೊ, ಫೋನಿನ ಜೊತೆಗೆ ಬರಹದ ಮೂಲಕ ಸಲಹೆ ಪಡೆಯಲೂ ಅವಕಾಶ ಕೊಟ್ಟಿದೆ. ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆ ಅದನ್ನು ಬಳಸಿಕೊಳ್ಳಲಿ. ಆರೋಗ್ಯ ಕೇಂದ್ರಕ್ಕೆ ಬರುವ ಹಿಂದಿನ ದಿನವೇ ರೋಗಿಯ ಮಾತನ್ನು ಆಕೆಯದೇ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ, ಫೋಟೊ ತೆಗೆದು ಡಾಕ್ಟರಿಗೆ ಕಳಿಸಲಿ. ಉತ್ತರದಲ್ಲಿ ಗುಳಿಗೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ಇರಲಿ. ಎಷ್ಟು ಹೊತ್ತಿಗೆ ನುಂಗಬೇಕು, ಏನು ಉಣ್ಣಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಓಡಬೇಕು ಎಂಬ ಮೂರು ಸಾಲು ಕನ್ನಡದಲ್ಲಿ ಬರಲಿ. ಎರಡೂ ಹಾಳೆ ರೋಗಿಯ ಕೈಯಲ್ಲೇ ಇರಲಿ.

ಆಶಾ ಕಾರ್ಯಕರ್ತೆಯರಿಗೆ ಕೈತುಂಬ ಕೆಲಸವಿದೆ, ಗೊತ್ತು. ಬರೆದುಕೊಡುವವರು ಬೇಕಿದ್ದರೆ ನನಗೆ ಹೇಳಿಕಳಿಸಿ, ಬರುತ್ತೇನೆ. ಮಂಗಳವಾರ ಮಾತ್ರ ಬೇಡ, ನಮ್ಮೂರ ಸಂತೆ.

— ನಿವೃತ್ತ ಶಿಕ್ಷಕಿ, ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ