ಅತ್ತೆ ಮನೆಗೆ ಸುಳ್ಳು ಹೇಳಿಕೊಂಡು ಬಂದವರಿಗೆ

ಮೊನ್ನೆ ಶಿವರಾತ್ರಿಗೆ ಅತ್ತೆ ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ಹೋಗಿ ಬಂದಳು. ಕೋಲು ಹಿಡಿದುಕೊಂಡೇ ಹೋದಳು. ಹೊಳೆಗೆ ಇಳಿಯಲಿಲ್ಲ. ದಡದ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಅಲ್ಲಿಂದಲೇ ಕೈ ಮುಗಿದಳು. ಇದರಲ್ಲೇನು ವಿಶೇಷ ಅಂತ ಯಾರಾದರೂ ಕೇಳಬಹುದು. ಕಳೆದ ಆಷಾಢದಲ್ಲಿ ಅವಳನ್ನು ಕಂಬಳಿಯಲ್ಲಿ ಹೊತ್ತು ಸಂಕ (ಹೊಳೆಯ ಕಾಲುಸೇತುವೆ) ದಾಟಿಸಿದವರು ಮಾತ್ರ ಕೇಳುವುದಿಲ್ಲ.

ಅವರಿಗೆಲ್ಲ ಥ್ಯಾಂಕ್ಸ್ ಹೇಳೋಣ ಅಂತ ಬರೆಯುತ್ತಿದ್ದೇನೆ. ಮನೆ ಮನೆಗೆ ಹೋಗಿ ಹೇಳುವುದೇ ಸರಿ. ಆದರೆ ನಮ್ಮ ಕಡೆ ಅದು ಅಷ್ಟು ಸುಲಭ ಅಲ್ಲ. ಒಂದೊಂದು ಮನೆಯಲ್ಲೂ ಆಸರಿಗೆ ಕುಡಿದು, ಕವಳ ಹಾಕಿ, ಅಡಿಕೆ ರೇಟಿನ ಬಗ್ಗೆ ಮಾತಾಡಿ ಏಳುವಷ್ಟರಲ್ಲಿ ನನ್ನ ರಜೆ ಮುಗಿದುಹೋಗುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅತ್ತೆ ಅಂದರೆ ಅಪ್ಪನ ಅಕ್ಕ. ಎಂಬತ್ತು ದಾಟಿದೆ. ಮಕ್ಕಳಿಲ್ಲ. ಮಾವ ಹೋದ ಮೇಲೆ ಒಬ್ಬಳೇ ಇದ್ದಾಳೆ, ಶಿರಸಿ–ಯಲ್ಲಾಪುರ ರಸ್ತೆಯಿಂದ ಒಳಗೆ, ಹೊಳೆಯ ಆಚೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಜುಲೈ ಮಳೆಗೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ, ಅದಕ್ಕೇ ಓಡಾಡಲು ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಹಾಸಿರುತ್ತಾರೆ. ಅತ್ತೆ ದಬ್ಬೆಯ ಪಕ್ಕ ಕಾಲಿಟ್ಟಳು. ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು.

ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದಿದ್ದರೆ ಟವರ್ ಇಲ್ಲ, ಟವರ್ ಇಲ್ಲದಿದ್ದರೆ ಫೋನ್ ಇಲ್ಲ. ಕೆಳಗಿನಮನೆಯ ಹುಡುಗ ಆ ಮಳೆಯಲ್ಲಿ ಬೆಟ್ಟದ ತುದಿಗೆ ಓಡಿ, ಎಲ್ಲಿಂದಲೋ ಒಂದು ಕಡ್ಡಿ ಸಿಗ್ನಲ್ ಹಿಡಿದು, ಮೊದಲು ಜೀಪಿನವರಿಗೆ, ಆಮೇಲೆ ನನಗೆ ಫೋನ್ ಮಾಡಿದ. ಈ ಕ್ರಮ ನೋಡಿ. ಬೆಂಗಳೂರಿನಲ್ಲಿರುವ ನಾನು ಆ ಹೊತ್ತಿಗೆ ಏನೂ ಮಾಡಲಾರೆ ಅಂತ ಹತ್ತನೇ ಕ್ಲಾಸಿನ ಹುಡುಗನಿಗೆ ಹೊಳೆದಿತ್ತು. ತಮಾ, ನಿನ್ನ ಕಾಲಿಗೆ ಹತ್ತಿ ರಕ್ತ ಹೀರಿದ ಉಂಬಳಗಳ ಲೆಕ್ಕ ನಿನ್ನ ಆಯಿ ಹೇಳಿದ್ದಾಳೆ.

ಎರಡು ಬಿದಿರು, ಒಂದು ಕಂಬಳಿ, ನಾಲ್ಕು ಹೆಗಲು. ಜೀಪಿನಲ್ಲಿ ಶಿರಸಿ, ಅಲ್ಲಿ ಎಕ್ಸ್‌ರೇ, ಅಲ್ಲಿಂದ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿ. ಈ ವಯಸ್ಸಿನಲ್ಲಿ ಇಂಥ ಮೂಳೆ ಮುರಿದರೆ ಎಷ್ಟು ಬೇಗ ಆಪರೇಷನ್ ಆಗುತ್ತದೋ ಅಷ್ಟು ಒಳ್ಳೆಯದಂತೆ. ಮಲಗಿಯೇ ಇದ್ದರೆ ನಂಜು, ಕಫ, ಬೆನ್ನುಹುಣ್ಣು ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ಡಾಕ್ಟರು ತಡ ಮಾಡದೆ ಕೀಲಿನ ಒಂದು ಭಾಗ ಬದಲಿಸಿದರು. ಮರುದಿನವೇ ವಾಕರ್ ಕೊಟ್ಟು ನಿಲ್ಲಿಸಿದರು. ಅತ್ತೆ ಅವರಿಗೆ ಹವ್ಯಕ ಭಾಷೆಯಲ್ಲಿ ಬೈದಳು. ಅವರಿಗೆ ಅರ್ಥ ಆಗಲಿಲ್ಲ, ಪುಣ್ಯ. ಅಲ್ಲಿನ ಡಾಕ್ಟರು, ನರ್ಸ್‌ಗಳಿಗೆ, ರಾತ್ರಿ ಪಾಳಿಯ ಆಯಾಗೆ ನಮಸ್ಕಾರ.

ನಿಜವಾದ ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ನೆಲದ ಮೇಲೆ ಕೂರಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಬಗ್ಗಬಾರದು ಅಂದರು. ಈಳಿಗೆಮಣೆ, ಒರಳು, ಮಜ್ಜಿಗೆ ಕಡೆಗೋಲು, ಬಚ್ಚಲ ಒಲೆ. ಅತ್ತೆಯ ಸಂಸಾರ ಇರುವುದೇ ನೆಲದ ಮೇಲೆ. ಅದಕ್ಕಿಂತ ಕಷ್ಟ ಇನ್ನೊಂದು. ಜೀವಮಾನವಿಡೀ ಬಂದವರಿಗೆ ಬಡಿಸಿದ ಹೆಂಗಸಿಗೆ ಇನ್ನೊಬ್ಬರು ತಂದುಕೊಟ್ಟದ್ದನ್ನು ತಿನ್ನಲು ಬರುವುದಿಲ್ಲ. ‘ಎಂತಕ್ಕೆ ತಂದಿದ್ದು, ತಗಂಡು ಹೋಗು’ ಅಂದುಬಿಡುತ್ತಾಳೆ.

ಇಲ್ಲಿಂದ ನಿಮ್ಮ ಸುಳ್ಳುಗಳು ಶುರು.

ಆಚೆಮನೆ ಅತ್ತಿಗೆ ದಿನಾ ತಂಬುಳಿ ತಂದರು. ‘ನಮ್ಮನೇಲಿ ಮಾಡಿದ್ದು ಜಾಸ್ತಿ ಆತು’ ಅಂತ. ದಿನಾ ಜಾಸ್ತಿ ಆಗುತ್ತದೆಯೇ? ಒಂದು ದಿನ ಒಂದೆಲಗ, ಒಂದು ದಿನ ದೊಡ್ಡಪತ್ರೆ, ಮತ್ತೊಂದು ದಿನ ಅಪ್ಪೆಹುಳಿ, ಸರದಿಯ ಮೇಲೆ ಜಾಸ್ತಿ ಆಗುತ್ತಿತ್ತು. ಮೇಲಿನಮನೆ ಭಾವ ರಾತ್ರಿ ಬಂದು ಜಗಲಿಯಲ್ಲಿ ಮಲಗುತ್ತಿದ್ದರು, ಅವರ ಮನೆಯಲ್ಲಿ ಸೆಕೆಯಂತೆ. ಶಿರಸಿಯ ಆಗಸ್ಟ್ ಮಳೆಯಲ್ಲಿ ಸೆಕೆ! ಆಚಾರಿಯವರು ಈಳಿಗೆಮಣೆಗೆ ಎತ್ತರದ ಕಾಲು ಹಚ್ಚಿದ ಮೇಜು ಮಾಡಿಕೊಟ್ಟು, ‘ಹಲಗೆ ಸುಮ್ನೆ ಬಿದ್ದಿತ್ತು’ ಅಂದರು. ಹಲಗೆ ಹೊಸದು. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಕೊಯ್ಯುವ ಕೊನೆಗೌಡರು ತಾವೇ ಬಂದರು. ಕೊನೆಗೌಡರನ್ನು ಹಿಡಿಯುವುದು ಈಗ ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆ ಗೊತ್ತು. ‘ಈ ಕಡೆ ಬಂದಿದ್ದೆ, ಹಾಗೇ ಹತ್ತಿ ಹೋಗ್ತೇನೆ’ ಅಂದರಂತೆ. ದಾರಿಯಲ್ಲಿ ಹೋಗುವಾಗ ಯಾರಾದರೂ ಹಾಗೇ ಅಡಿಕೆ ಮರ ಹತ್ತುತ್ತಾರಾ?

ಈ ವಿದ್ಯೆ ನಿಮಗೆ ಯಾರು ಕಲಿಸಿದರು ಅಂತ ನನಗೆ ಗೊತ್ತು.

ನಾನು ಸಣ್ಣವಳಿದ್ದಾಗ ಒಂದು ವರ್ಷ ಆಯಿ ಆಸ್ಪತ್ರೆ ಹಿಡಿದಳು. ಅಪ್ಪ ಅಲ್ಲಿ ಇಲ್ಲಿ ಓಡಾಡಿ ಬಡವಾಗಿದ್ದ. ಆಗ ಅತ್ತೆ ಬಂದು, ‘ಕೂಸು ನಮ್ಮನೇಲಿ ಇರ್ಲಿ, ಎಂಗೆ ಒಬ್ಬಳಿಗೇ ಬೇಜಾರು ಬತ್ತು’ ಅಂದಳು. ನಾನು ನಂಬಿದೆ. ಹೋಗಿ ನೋಡಿದರೆ ಆ ಮನೆಯಲ್ಲಿ ಬೇಜಾರಿಗೆ ಜಾಗವೇ ಇರಲಿಲ್ಲ. ತೋಟದ ಆಳುಗಳು, ಕೊಟ್ಟಿಗೆ ತುಂಬ ದನ, ಊಟದ ಹೊತ್ತಿಗೆ ಬರುವ ನೆಂಟರು.

ಆದರೂ ಆ ಮನೆ ಶಾಂತ. ಅಷ್ಟು ಜನ ಇದ್ದೂ ಹೇಗೆ ಶಾಂತ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ಅಬ್ಬಿ ನೀರಿನಿಂದ. ಬೆಟ್ಟದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹಾಯಿಸಿದ ನೀರು ಮನೆಯ ಹಿಂದೆ ಹಗಲೂ ರಾತ್ರಿ ಬೀಳುತ್ತಿತ್ತು. ಅದರ ಸದ್ದಿನ ಮೇಲೆ ಜೋರಾಗಿ ಮಾತಾಡುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಅಥವಾ ಅತ್ತೆ ಏನನ್ನೂ ಕೇಳದೇ ಇರುವುದರಿಂದ. ಆಯಿ ನೆನಪಾಗಿ ನಾನು ಅತ್ತರೆ, ಯಾಕೆ ಅಂತ ಕೇಳುತ್ತಿರಲಿಲ್ಲ. ಹಲಸಿನ ಹಪ್ಪಳದ ಹಿಟ್ಟಿನ ಒಂದು ಉಂಡೆ ಬಾಯಿಗಿಟ್ಟು, ಕಾಗೆ ಕಾಯಲು ಅಂಗಳಕ್ಕೆ ಅಟ್ಟುತ್ತಿದ್ದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೆ ಯಾರೂ ಏನೂ ಅನ್ನುವುದಿಲ್ಲ, ಅಲ್ವಾ?

ಮಧ್ಯಾಹ್ನ ಅಡಿಕೆ ಹಾಳೆಯ ಮೇಲೆ ಒಬ್ಬರು ಕೂತು ಇನ್ನೊಬ್ಬರು ಎಳೆಯುವ ಆಟ. ಆಲೆಮನೆ ಕಾಲದಲ್ಲಿ ತೊಡದೇವು. ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಕಬ್ಬಿನಹಾಲು, ಅಕ್ಕಿಹಿಟ್ಟಿನ ತೆಳು ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಎಳೆಯುತ್ತಿದ್ದಳು. ಅದು ರೇಷ್ಮೆ ಬಟ್ಟೆಯ ಹಾಗೆ ಎದ್ದು ಬರುತ್ತಿತ್ತು. ಹರಿದದ್ದೆಲ್ಲ ನನ್ನ ಪಾಲು. ಮುದ್ದಾಂ ಹರಿಯುತ್ತಿದ್ದಳು ಅಂತ ಈಗ ಅನುಮಾನ.

ಶಿವರಾತ್ರಿಗೆ ನಡೆದೇ ಸಹಸ್ರಲಿಂಗ. ಶಾಲ್ಮಲಾ ಹೊಳೆಯ ನೀರು ಇಳಿದಾಗ ಬಂಡೆಗಳ ಮೇಲೆಲ್ಲ ಲಿಂಗ, ಬಸವ. ಸುಮಾರು 300 ವರ್ಷದ ಹಿಂದೆ ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು ಅನ್ನುತ್ತಾರೆ. ಅತ್ತೆ ಕೈಗೆ ಸಿಕ್ಕಿದ ಲಿಂಗಕ್ಕೆಲ್ಲ ನೀರು ಹೊಯ್ಯುತ್ತಾ ಹೋಗುತ್ತಿದ್ದಳು. ಒಂದು ಬಿಟ್ಟರೆ ಅದಕ್ಕೆ ಬೇಜಾರಾಗುತ್ತದೆ ಅಂತ.

ಇದೇ ಅತ್ತೆ 1983ರಲ್ಲಿ ಬೇರೆ ಹೆಂಗಸರ ಜತೆ ಕಾಡಿಗೂ ಹೋಗಿದ್ದಳು. ಆ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಊರಿನವರು ಮರ ಕಡಿಯಲು ಬಂದವರ ಎದುರು ಮರ ಅಪ್ಪಿ ನಿಂತು ಅಪ್ಪಿಕೋ ಚಳವಳಿ ಶುರುವಾಗಿತ್ತು. ಕೇಳಿದರೆ ಚಳವಳಿ ಅನ್ನುವುದಿಲ್ಲ. ‘ಸೊಪ್ಪು ತರಲೆ ಹೋಗಿದ್ಯ’ ಅನ್ನುತ್ತಾಳೆ. ಅದೂ ಅರ್ಧ ನಿಜ. ಬೆಟ್ಟ ಹೋದರೆ ತೋಟಕ್ಕೆ ಸೊಪ್ಪಿಲ್ಲ, ಅಬ್ಬಿಗೆ ನೀರಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವಾರಕ್ಕೊಮ್ಮೆ ಶಿರಸಿಯಿಂದ ಬಂದು ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿ ಹುಡುಗಿ, ಸಂಕಕ್ಕೆ ಕೈಹಿಡಿ ಕಟ್ಟಿದ ಊರ ಹುಡುಗರು, ಅಂಗಳದ ಪಾಚಿ ಕೆರೆದು ಕೊಟ್ಟಿಗೆಯನ್ನೂ ನೋಡಿಕೊಂಡ ಅಕ್ಕ, ಎಲ್ಲರಿಗೂ ನನ್ನ ನಮಸ್ಕಾರ. ಜೀಪಿನವರು ಇವತ್ತಿಗೂ ಹುಬ್ಬಳ್ಳಿ ಬಾಡಿಗೆ ತೆಗೆದುಕೊಂಡಿಲ್ಲ. ‘ಹೇಗೂ ಹುಬ್ಬಳ್ಳಿಗೆ ಹೋಗುವ ಕೆಲಸ ಇತ್ತು’ ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ?

ಕೊನೆಗೆ, ಅತ್ತೆ ಹೇಳಿ ಬರೆಸಿದ್ದು. ಈ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಜಾಸ್ತಿ ಹಾಕಿಬಿಟ್ಟಿದ್ದಾಳಂತೆ, ಇಟ್ಟರೆ ಹಾಳಾಗುತ್ತದಂತೆ. (ಅವಳ ಭರಣಿಯಲ್ಲಿ ಮಿಡಿ ವರ್ಷಗಟ್ಟಲೆ ಕೆಡುವುದಿಲ್ಲ ಅಂತ ಊರಿಗೇ ಗೊತ್ತು.) ಮನೆಗೊಂದು ಬಾಟಲಿ ತುಂಬಿಸಿ ಜಗಲಿಯಲ್ಲಿಟ್ಟಿದ್ದೇವೆ. ಜೀಪಿನವರದು ದೊಡ್ಡದು. ಯುಗಾದಿಯ ಒಳಗೆ ಬಂದು ಒಯ್ಯಿರಿ, ಖಾಲಿಯಾದ ಮೇಲೆ ಬಾಟಲಿ ವಾಪಸ್ ಕೊಡಿ.