ಅಮೆರಿಕಕ್ಕೆ ಹೊರಟ ಮಕ್ಕಳಿಗೆ ಅರ್ಧ ಸತ್ಯ ಹೇಳಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಎಷ್ಟೋ ರಾಜ್ಯಗಳು ಗಾಂಜಾ ಮಾರಾಟಕ್ಕೆ ಅನುಮತಿ ಕೊಟ್ಟಿವೆ. ಅಲ್ಲಿನ ಕೇಂದ್ರ ಸರ್ಕಾರ ಮಾತ್ರ ಪೂರ್ತಿ ಒಪ್ಪಿಲ್ಲ. ಈ ಜಗಳ ನಮಗ್ಯಾಕೆ ಅನ್ನಬೇಡಿ. ಪ್ರತಿ ಆಗಸ್ಟ್‌ನಲ್ಲಿ ಮೈಸೂರಿನಿಂದ ಎಂ.ಎಸ್. ಓದಲು ಹೋಗುವ ಮಕ್ಕಳು ಇದರ ಮಧ್ಯೆಯೇ ಹೋಗಿ ಇಳಿಯುತ್ತಾರೆ.

ನನ್ನ ತಂಗಿ ಮಗ ಕೊಲೊರಾಡೊಗೆ ಹೊರಟಿದ್ದಾನೆ. ಅವನ ಜೊತೆ ಇಲ್ಲಿನ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ. ಏನೇನು ಒಯ್ಯಬೇಕು ಅಂತ ಉದ್ದದ ಪಟ್ಟಿ ಕೊಟ್ಟರು. ಕುಕ್ಕರ್, ಸಾರಿನ ಪುಡಿ, ಸ್ವೆಟರ್, ಮಾತ್ರೆಗಳಿಗೆ ಡಾಕ್ಟರ ಚೀಟಿ, ಎಲ್ಲವೂ ಇತ್ತು. ಗಾಂಜಾ ವಿಷಯ ಕೇಳಿದರೆ, ‘ಅಲ್ಲಿ ಅದು ಲೀಗಲ್ ಸರ್, ಏನೂ ತೊಂದರೆ ಇಲ್ಲ’ ಅಂದರು. ಆ ಮಾತಿಗೇ ನನಗೆ ಭಯವಾಯಿತು.

ಕೊಲೊರಾಡೊ ಜನ 2012ರಲ್ಲಿ ಮತ ಹಾಕಿ ಗಾಂಜಾ ಒಪ್ಪಿದ್ದು ನಿಜ. ಆದರೆ ಕೇಂದ್ರದ 1970ರ ಕಾನೂನು ಅದನ್ನು ಹೆರಾಯಿನ್ ಇರುವ ಪಟ್ಟಿಗೇ ಸೇರಿಸಿತ್ತು. ಕ್ಯಾಲಿಫೋರ್ನಿಯಾದ ಒಬ್ಬ ಹೆಂಗಸು ಕಾಯಿಲೆಗೆಂದು, ರಾಜ್ಯದ ಕಾನೂನಿನಂತೆಯೇ ಮನೆಯಲ್ಲಿ ಆರು ಗಿಡ ಬೆಳೆಸಿದ್ದರು. 2002ರಲ್ಲಿ ಕೇಂದ್ರದ ಅಧಿಕಾರಿಗಳು ಬಂದು ಅವನ್ನು ನಾಶ ಮಾಡಿದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2005ರಲ್ಲಿ ಗೆದ್ದದ್ದು ಕೇಂದ್ರವೇ. 2013ರಲ್ಲಿ ಒಬಾಮಾ ಸರ್ಕಾರ ಒಂದು ಸೂಚನೆ ಕೊಟ್ಟು ಸ್ವಲ್ಪ ಸಡಿಲ ಬಿಟ್ಟಿತು. 2018ರ ಜನವರಿಯಲ್ಲಿ ಮುಂದಿನ ಸರ್ಕಾರ ಆ ಸೂಚನೆಯನ್ನು ವಾಪಸ್ ಪಡೆಯಿತು.

ನಾನು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವನು. ಲೈಸೆನ್ಸ್ ಇರುವ ಆ ಅಂಗಡಿಗಳಿಗೂ ಖಾತೆ ತೆರೆಯಲು ಅಲ್ಲಿನ ಎಷ್ಟೋ ಬ್ಯಾಂಕುಗಳು ಕೇಂದ್ರಕ್ಕೆ ಹೆದರಿ ಹಿಂದೇಟು ಹಾಕುತ್ತವೆ. ಹಾಗಾಗಿ ವ್ಯಾಪಾರ ಜಾಸ್ತಿ ನಗದಿನಲ್ಲೇ. ಅಷ್ಟು ದೊಡ್ಡ ಬ್ಯಾಂಕುಗಳೇ ಹೆದರುವಾಗ ಸಾಲ ಮಾಡಿ ಓದಲು ಹೋದ ನಮ್ಮ ಹುಡುಗ ಹುಷಾರಾಗಿರಬೇಕು ಅಲ್ವಾ?

ವೀಸಾ ಕೊಡುವುದು ಕೊಲೊರಾಡೊ ಅಲ್ಲ, ಕೇಂದ್ರ. ಕೋರ್ಟು, ಶಿಕ್ಷೆ ಏನೂ ಬೇಕಿಲ್ಲ. ರಜೆಗೆ ಊರಿಗೆ ಬಂದು ವಾಪಸ್ ಹೋಗುವಾಗ, ಗಾಂಜಾ ಸೇದಿದ್ದೆ ಅಂತ ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಪ್ರವೇಶ ನಿರಾಕರಿಸಲು ಅದು ಸಾಕಾಗಬಹುದು. ಜೊತೆಗೆ ಓದುವ ಅಲ್ಲಿನ ಹುಡುಗನಿಗೆ ಈ ಚಿಂತೆಯೇ ಇಲ್ಲ. ಪಾರ್ಟ್‌ಟೈಮ್ ಕೆಲಸ ಅಂತ ಅಂಥ ಅಂಗಡಿಗೆ ಸೇರುವುದೂ ಅಪಾಯವೇ.

ಗಾಂಜಾ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಕನ್ಸಲ್ಟೆನ್ಸಿಗಳು ಕೊಡುವ ಆ ಪಟ್ಟಿಯಲ್ಲಿ ಈ ಎಚ್ಚರಿಕೆಯನ್ನೂ ದಪ್ಪ ಅಕ್ಷರದಲ್ಲಿ ಸೇರಿಸಲಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕೊನೆಯ ವರ್ಷದ ಮಕ್ಕಳಿಗೆ ವಲಸೆ ಕಾನೂನು ತಿಳಿದ ವಕೀಲರಿಂದ ಒಂದು ಗಂಟೆ ಮಾತಾಡಿಸಲಿ. ತಾವೂ ಶಿಕ್ಷಣ ಪುಟದಲ್ಲಿ ಈ ಮಾಹಿತಿ ಕೊಡಬೇಕು, ಆಗಸ್ಟ್‌ಗೆ ಮುಂಚೆಯೇ.

– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು