ಮಗಳಿಗೊಂದು ಪತ್ರ: ಕುದುರೆಯ ಜೀನು ಯಾವ ಕಡೆಗೆ?

ಪ್ರೀತಿಯ ಪುಟ್ಟಿ,

ಹೋದ ಮಂಗಳವಾರ ಅಣ್ಣನನ್ನು ಕರೆದುಕೊಂಡು, ಅವನಿಗೆ ಕಾನೂನಿನ ಪೋಷಕರನ್ನು ಗೊತ್ತುಮಾಡುವ ಗಾರ್ಡಿಯನ್‌ಶಿಪ್ ವಿಚಾರಣೆಗೆ ಹೋಗಿದ್ದೆ. ಮೂರು ಗಂಟೆ ಬೆಂಚು ಕಾದ ಮೇಲೆ ಒಳಗೆ ಕರೆದರು. ಸಾಹೇಬರು ನೂರರ ನೋಟು ಹಿಡಿದು "ಇದು ಎಷ್ಟಪ್ಪಾ?" ಅಂದರು. ಇವನು ನೋಟಿನ ಕಡೆ ಕಣ್ಣೇ ಹಾಯಿಸಲಿಲ್ಲ. "ಸರ್, ನಿಮ್ಮ ಗುಂಡಿ ತಪ್ಪಿದೆ" ಅಂದ. ನೋಡಿದರೆ ನಿಜವೇ, ಎರಡನೇ ಗುಂಡಿ ಮೂರನೇ ಕಾಜಕ್ಕೆ ಹೋಗಿತ್ತು. ಅವರು ನಕ್ಕು ಸರಿಮಾಡಿಕೊಂಡರು. ಕಾಗದದಲ್ಲಿ ಮಾತ್ರ "ಹಣದ ಅರಿವಿಲ್ಲ" ಎಂದು ಬರೆದರು.

ನೀನು ನಾರ್ವೆಯ ಬರ್ಗೆನ್‌ನಿಂದ ಫೋನ್ ಮಾಡಿದಾಗ "ಅಪ್ಪಾ, ಇಲ್ಲಿ ಹಿಂದಿನ ಕಾಲದಲ್ಲಿ ಅಣ್ಣನಂಥ ಬುದ್ಧಿ ನಿಧಾನ ಇರೋರನ್ನ ಹೇಗೆ ನೋಡ್ಕೋತಿದ್ರೋ" ಅಂದಿದ್ದೆಯಲ್ಲ, ಅದು ತಲೆಯಲ್ಲೇ ಕೂತಿತ್ತು. ವಕೀಲಿ ಬಿಟ್ಟರೂ ಚಾಳಿ ಬಿಡಲಿಲ್ಲ ನೋಡು, ಮೊದಲು ಹುಡುಕಿದ್ದು ಕಾನೂನನ್ನೇ.

ನಾರ್ವೆಯಿಂದ ಹೋಗಿ ಐಸ್‌ಲ್ಯಾಂಡಿನಲ್ಲಿ ನೆಲೆಸಿದವರ ಹಳೆಯ ಕಾನೂನಿಗೆ 'ಗ್ರಾಗಾಸ್' ಎಂದು ಹೆಸರು. ಬೂದು ಹೆಬ್ಬಾತು ಅಂತ ಅರ್ಥ. ಬಾಯಲ್ಲಿದ್ದ ಕಾನೂನನ್ನು ಬರೆದಿಡಲು ಶುರು ಮಾಡಿದ್ದು 1117ರ ಚಳಿಗಾಲದಲ್ಲಿ. ಈಗ ಉಳಿದಿರುವ ದೊಡ್ಡ ಹಸ್ತಪ್ರತಿಗಳು 13ನೇ ಶತಮಾನದವು. ಅದರ ಆಸ್ತಿ ಹಕ್ಕಿನ ಭಾಗದಲ್ಲಿ ಒಂದು ಮಾತಿದೆ. ಕುದುರೆಯ ಬೆನ್ನ ಮೇಲೆ ಜೀನು ಮುಂದಕ್ಕೆ ಮುಖ ಮಾಡಬೇಕೋ ಹಿಂದಕ್ಕೋ, ಹತ್ತಿದಾಗ ತಾನು ಯಾವ ಕಡೆ ಮುಖ ಮಾಡಿ ಕೂರಬೇಕು, ಇಷ್ಟೂ ತಿಳಿಯದವನಿಗೆ ಆಸ್ತಿಯಲ್ಲಿ ಹಕ್ಕಿಲ್ಲ. ಇದಕ್ಕಿಂತ ಒಂದಿಷ್ಟು ಹೆಚ್ಚು ತಿಳಿದಿದ್ದರೆ ಹಕ್ಕುಂಟು.

ಓದಿ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಲೆಕ್ಕ ಕೇಳಲಿಲ್ಲ, ಅಕ್ಷರ ಕೇಳಲಿಲ್ಲ. ದಿನಾ ಕಣ್ಣೆದುರಿಗಿರುವ ಕುದುರೆಯನ್ನು ಕೇಳಿದರು. ಅಣ್ಣ ಬನಿಯನ್ ತಿರುಗುಮುರುಗಾ ಹಾಕಿಕೊಂಡಾನು, ಸ್ಕೂಟರಿನ ಮೇಲೆ ಹಿಂದುಮುಂದಾಗಿ ಎಂದೂ ಕೂತವನಲ್ಲ. ಅವರ ಪರೀಕ್ಷೆಯಲ್ಲಿ ಪಾಸಾಗುತ್ತಿದ್ದ.

ಅವರನ್ನು ಬೈಯುವ ಮುಂಚೆ ನಮ್ಮದನ್ನೂ ನೋಡಿಕೊಳ್ಳಬೇಕು. ಹೆಚ್ಚೂಕಡಿಮೆ ಅದೇ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಎಂಬ ಕಾನೂನು ಗ್ರಂಥ ಬರೆದ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕುಂಟ, ಕುರುಡ, ಹುಚ್ಚರ ಜೊತೆ 'ಜಡ'ನಿಗೂ ಪಾಲಿಲ್ಲ. ಆದರೆ ಅವರೆಲ್ಲ ಭರ್ತವ್ಯರು, ಅನ್ನ ಬಟ್ಟೆ ಕೊಟ್ಟು ಸಾಕಲೇಬೇಕು. ಜಡ ಎಂದರೆ ಎಷ್ಟು ಜಡ ಎಂದು ಅಳೆಯಲು ಅಲ್ಲಿ ಕುದುರೆಯೂ ಇಲ್ಲ. ಹುಟ್ಟಿನಿಂದ ಬುದ್ಧಿ ಬೆಳೆಯದವರಿಗೆ ಪಾಲಿಲ್ಲ ಎನ್ನುವುದು ಪೂರ್ತಿ ಹೋದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ.

ಸಾಕುವ ಹೊಣೆ ಐಸ್‌ಲ್ಯಾಂಡಿನಲ್ಲೂ ರಕ್ತಸಂಬಂಧಿಗಳದ್ದೇ. ದುಡಿದು ತಿನ್ನಲಾರದವರನ್ನೆಲ್ಲ 'ಓಮಾಗಿ' ಅನ್ನುತ್ತಿದ್ದರು. ಬಂಧುಗಳಿಂದ ಆಗದಿದ್ದರೆ 'ಹ್ರೆಪ್', ಅಂದರೆ ಕನಿಷ್ಠ 20 ರೈತರ ಒಕ್ಕೂಟ, ಹೊರಬೇಕಿತ್ತು.

ಕಾನೂನು ಇಷ್ಟು. ಮನೆಯೊಳಗೆ ಏನು ನಡೆಯುತ್ತಿತ್ತು? ಗಿಸ್ಲಿಯ ಸಾಗಾ ಎಂಬ ಅವರ ಹಳೆಯ ಕತೆಯಲ್ಲಿ ಹೆರ್ಗಿಲ್ಸೆ ಎಂಬ ದ್ವೀಪದ ಇಂಗ್ಯಾಲ್ಡನಿಗೆ ಹೆಲ್ಗಿ ಎಂಬ ಮಗ. ಊರವರ ಬಾಯಲ್ಲಿ 'ಇಂಗ್ಯಾಲ್ಡನ ಪೆದ್ದ'. ದೈತ್ಯನ ಹಾಗೆ ಮೈ. ತೂತಿರುವ ಕಲ್ಲನ್ನು ಕೊರಳಿಗೆ ಕಟ್ಟಿ ಹೊರಗೆ ಬಿಟ್ಟಿರುತ್ತಿದ್ದರು, ದನದ ಹಾಗೆ ಹುಲ್ಲು ಮೇಯುತ್ತಿದ್ದನಂತೆ. ಇಂಗ್ಯಾಲ್ಡ್ ಕೆಟ್ಟವನಲ್ಲ, ಆಶ್ರಯ ಕೇಳಿ ಬಂದ ಗಿಸ್ಲಿಗಾಗಿ ಪ್ರಾಣ ಕೊಡಲೂ ಸಿದ್ಧನಾದವನು. ಅಂಥವನ ಅಂಗಳದಲ್ಲೇ ಆ ಕಲ್ಲು.

ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಗಿಸ್ಲಿ ಹೆಲ್ಗಿಯ ವೇಷ ಹಾಕಿ ದೋಣಿಯಲ್ಲಿ ಒದ್ದಾಡುತ್ತಾನೆ, ನೀರಿಗೆ ಬಾಗಿ ಜೋಲುತ್ತಾನೆ. ಬಂದವರು ಬಿದ್ದುಬಿದ್ದು ನಗುತ್ತಾರೆ. ದೋಣಿಯ ಹುಟ್ಟು ಹಾಕುವ ಆಳು ಹೆಂಗಸಿಗೆ "ಇಂಥವನನ್ನ ನೋಡ್ಕೊಳ್ಳೋದು ನಿನ್ನ ಪಾಡು" ಅನ್ನುತ್ತಾರೆ. ನಿಮಗೆ ಇದು ಬರೀ ತಮಾಷೆ, ನನ್ನ ಕಷ್ಟ ಯಾರಿಗೂ ಬೇಡ ಎಂಬರ್ಥದಲ್ಲಿ ಅವಳು ಮಾರುತ್ತರ ಕೊಡುತ್ತಾಳೆ. ಅದು ಅವಳ ನಾಟಕವೇ, ಆದರೂ ಆ ಸಾಲು ಓದಿ ನಿನ್ನಮ್ಮ ಕನ್ನಡಕ ತೆಗೆದಿಟ್ಟಳು.

ಪೆದ್ದನಿಗೆ ಅವರಲ್ಲಿ ಇನ್ನೊಂದು ಪದ 'ಹೇಮ್ಸ್ಕ್ರ್'. ಮೂಲ 'ಹೇಮ', ಮನೆ. ಮನೆ ಬಿಟ್ಟು ಹೊರಬೀಳದವನು. ನಮ್ಮ ಕೋಶ ಓದು, ದೇಶ ಸುತ್ತು ಎನ್ನುವುದರಲ್ಲಿ ಹಡಗಿನ ಜನಕ್ಕೆ ಎರಡನೆಯದೇ ಮುಖ್ಯವಾಯಿತೇನೋ. ಅವರ ಹಾವಮಾಲ್ ಎಂಬ ನೀತಿಪದ್ಯದಲ್ಲಿ ಕುಂಟ ಕುದುರೆ ಏರಬಲ್ಲ, ಕೈಯಿಲ್ಲದವ ಮಂದೆ ಕಾಯಬಲ್ಲ, ಕಿವುಡ ಕಾದಬಲ್ಲ ಎಂದಿದೆ. ಪಟ್ಟಿಯಲ್ಲಿ ಬುದ್ಧಿ ನಿಧಾನವಿದ್ದವನಿಗೆ ಜಾಗವಿಲ್ಲ.

ಅವರ ಇನ್ನೊಂದು ಕತೆಯಲ್ಲಿ ಹ್ರೆಯ್ಡರ್ ಅಂತ ಒಬ್ಬನಿದ್ದಾನೆ, ಅಡ್ಡಹೆಸರೇ 'ಪೆದ್ದ'. ಬುದ್ಧಿ ಸಾಲದೆ ತನ್ನನ್ನು ತಾನು ನೋಡಿಕೊಳ್ಳುವುದೇ ಕಷ್ಟ. ಒಡಹುಟ್ಟಿದ ಥೋರ್ಡ್ ನಾರ್ವೆಗೆ ಹೊರಟಾಗ ತಾನೂ ಬರುತ್ತೇನೆಂದು ಹಟ ಹಿಡಿದು ಹೋದ. ದೊರೆ ಮ್ಯಾಗ್ನಸ್‌ನನ್ನು ಕಣ್ತುಂಬ ನೋಡಬೇಕೆಂದ. ದೊರೆ ಮೇಲಂಗಿ ಕಳಚಿ ನಿಂತ. ಹ್ರೆಯ್ಡರ್ ಸುತ್ತ ಬಂದು ನೋಡಿ, ಎಲ್ಲ ಚೆನ್ನಾಗಿದೆ, ಒಂದು ಕಣ್ಣು ಮಾತ್ರ ಇನ್ನೊಂದಕ್ಕಿಂತ ಚೂರು ಮೇಲಿದೆ ಅಂದ. ಮ್ಯಾಗ್ನಸ್ ಒಪ್ಪಿಕೊಂಡ. ಇನ್ನೊಬ್ಬ ದೊರೆ ಹರಾಲ್ಡನ ತಂದೆಗೆ 'ಹೆಣ್ಣುಹಂದಿ' ಎಂದು ಅಡ್ಡಹೆಸರು; ಹ್ರೆಯ್ಡರ್ ಬೆಳ್ಳಿಯ ಹಂದಿ ಮಾಡಿ ಅವನಿಗೇ ಕೊಟ್ಟ. ಹರಾಲ್ಡ್ ಕೆಲಸ ಮೆಚ್ಚಿ ತಿರುಗಿಸಿ ನೋಡಿದರೆ ಮೊಲೆಗಳು!

ಕತೆ ಚೆಂದವೇ, ಕೊನೆ ನನಗೆ ಹಿಡಿಸಲಿಲ್ಲ. ಊರಿಗೆ ಮರಳಿ ಹೊಲಮನೆ ಮಾಡಿ ಪೆದ್ದುತನವನ್ನೆಲ್ಲ ಬಿಟ್ಟನಂತೆ. ಒಲೆಯ ಮುಂದೆ ಬೂದಿಯಲ್ಲಿ ಕೂತಿದ್ದ ದಡ್ಡ ಆಮೇಲೆ ವೀರನಾಗುವ ಕತೆಗಳೂ ಅವರಲ್ಲಿ ಬೇಕಾದಷ್ಟಿವೆ. ಕೊನೆಗೆ ಜಾಣನೆಂದು ತೇಲಿದವನನ್ನು ಮೆರೆಸುತ್ತಾರೆ. ಪೆದ್ದನಾಗಿಯೇ ಉಳಿದ ಹೆಲ್ಗಿಗೆ ಕಲ್ಲು.

ನನ್ನ ನಂತರ ಯಾರು ನೋಡಿಕೊಳ್ಳುತ್ತಾರೆ ಎಂದೂ ಸಾಹೇಬರು ಕೇಳಿದರು. ನಿನ್ನನ್ನು ಕೇಳದೆ ನಿನ್ನ ಹೆಸರು ಹೇಳಲಿಲ್ಲ. ಅವಸರವಿಲ್ಲ, ಯೋಚಿಸಿ ಹೇಳು, ಬೇಡ ಅಂದರೂ ನಾನು ಬೇಸರ ಮಾಡಿಕೊಳ್ಳುವವನಲ್ಲ.

ಇನ್ನೊಂದು ನಿನಗೆ ಹೇಳಿರಲಿಲ್ಲ. ನೀನು ವಿಮಾನ ಹತ್ತಿದ ದಿನ ಅಣ್ಣನೂ ತನ್ನ ಬ್ಯಾಗಿಗೆ ಎರಡು ಬನಿಯನ್, ಟಾರ್ಚು, ಅಮ್ಮನ ಹಳೇ ಸ್ವೆಟರು ತುಂಬಿ ಬಾಗಿಲ ಹಿಂದೆ ಇಟ್ಟಿದ್ದ. ಇನ್ನೂ ಅಲ್ಲೇ ಇದೆ, ಬಿಚ್ಚಲು ಬಿಡುವುದಿಲ್ಲ. ಗುಡಿಸುವಾಗ ಅಮ್ಮ ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಾಳೆ.

ನಿನ್ನ,
ಅಪ್ಪ